ಹಸಿರು ವಿಭೂತಿ

ಅಂದು ಬೆಳಿಗ್ಗೆಯೂ ಎಂದಿನಂತೆ ರೊಟ್ಟಿ ಬಡಿಯುತ್ತ ಹಿತ್ತಲಿನ ಸದ್ದುಗಳಿಗೆ ಕಿವಿಗೊಟ್ಟಿದ್ದೆ. ಅತ್ತೆ ಅಂಗಳಕ್ಕೆ ನೀರು ಚಿಮುಕಿಸಿದರು, ಎಮ್ಮೆ ಒಮ್ಮೆ ಒದರಿತು. ಇದಾದ ಮೇಲೆ ನಮ್ಮ ಹಳೆಯ ಟ್ರ್ಯಾಕ್ಟರ್ ಕೆಮ್ಮಿ ಗುಡುಗಬೇಕು, ಅಷ್ಟರಲ್ಲಿ ನಾನು ಬುತ್ತಿ ಕಟ್ಟಿರಬೇಕು. ಅಂದು ಗುಡುಗು ಬರಲಿಲ್ಲ. ‘ಟಕ್’ ಎಂದಿತು. ಸ್ವಲ್ಪ ತಡೆದು ಮತ್ತೆ ‘ಟಕ್’.

ಶಿರೋಳದ ದಾರಿಯಲ್ಲಿರುವ ನಮ್ಮ ಎರೆಹೊಲಕ್ಕೆ ಕಡಲೆ ಬಿತ್ತುವ ದಿನ ಅದು. ಮಳೆ ನಿಂತು ಮಣ್ಣು ಹದಕ್ಕೆ ಬಂದಿತ್ತು. ಬಿಸಿಲು ಹೀಗೇ ಕಾದರೆ ನಾಳೆ ಸಂಜೆಗೆಲ್ಲ ಹದ ಆರುತ್ತದೆ, ಆಮೇಲೆ ಹಾಕಿದ ಬೀಜ ಹುಟ್ಟುವುದಿಲ್ಲ. ಬೇರೆಯವರ ಟ್ರ್ಯಾಕ್ಟರ್ ಕೇಳೋಣವೆಂದರೆ ಎಲ್ಲರದೂ ಅವರವರ ಹೊಲದಲ್ಲಿ.

ಪಕ್ಕದ ಮನೆಯ ಬಳೆ ಮಾರುವ ಚಾಚಿ ರೋಣದ ಬಸ್ಸಿಗೆ ಹೊರಟವರು ಗೋಡೆಯಾಚೆ ನಿಂತು ನಕ್ಕರು. “ಏನ್ರಿ ಅಕ್ಕಾರ, ನಿಮ್ಮ ಗಾಡಿ ಇವತ್ತ ಹಲ್ಲಿ ಹಂಗ ಲೊಚಗುಟ್ಟಾಕತ್ತೈತಿ?”

“ಹಲ್ಲಿ ನುಡದ್ರ ಖರೇ ಆಗತೈತಿ. ನೀ ಲಗೂನ ಹೋಗವಾ, ಬಸ್ ತಪ್ಪೀತು,” ಎಂದರು ಅತ್ತೆ.

ಚಾಚಿ ಹೋದರು. ನಮ್ಮ ಯಜಮಾನರು ಸೀಟಿನ ಮೇಲೆ ಕೂತೇ ತೀರ್ಪು ಕೊಟ್ಟರು: “ಬ್ಯಾಟ್ರಿ ಸತ್ತೈತಿ. ಹೊಸಾದ ತಂದು ಹಾಕೂದ್ರಾಗ ಇವತ್ತಿನ ದಿನ ಹೋತು.”

“ಸತ್ತಿದ್ರ ಲೈಟ್ ಹ್ಯಾಂಗ ಹತ್ತತೈತ್ರಿ?” ಎಂದೆ ನಾನು.

ಲೈಟು ನಿಜವಾಗಿಯೂ ಹತ್ತಿತ್ತು. ಕೀಲಿ ತಿರುವಿದಾಗ ಮಾತ್ರ ಪೂರ್ತಿ ಆರುತ್ತಿತ್ತು, ಬಿಟ್ಟರೆ ಮತ್ತೆ ಮೂಡುತ್ತಿತ್ತು. ಇದು ನನಗೆ ವಿಚಿತ್ರವಾಗಿ ಕಂಡಿತು. ನಮ್ಮ ಓಣಿಯ ನಳದ ನೆನಪಾಯಿತು. ಅದರ ಬಾಯಿಗೆ ಕಸ ಸಿಕ್ಕಿದಾಗ ಕೈ ತೊಳೆಯುವಷ್ಟು ನೀರು ಬರುತ್ತದೆ, ಕೊಡ ತುಂಬುವುದಿಲ್ಲ. ಲೈಟಿಗೆ ಬೇಕಾದದ್ದು ಬೊಗಸೆ, ಎಂಜಿನ್ನು ಎಬ್ಬಿಸಲು ಬೇಕಾದದ್ದು ಕೊಡ. ಹಾಗಾದರೆ ಕಸ ಎಲ್ಲಿದೆ?

ಟ್ರ್ಯಾಕ್ಟರಿನ ಪಕ್ಕದ ಮುಚ್ಚಳ ಯಾವ ಕಾಲಕ್ಕೋ ಕಳೆದುಹೋಗಿ ಬ್ಯಾಟರಿ ಬಯಲಿಗೇ ಕೂತಿದೆ. ಅಮಾವಾಸ್ಯೆಗೊಮ್ಮೆ ಅತ್ತೆ ಕಾಯಿ ಒಡೆದು, ಗಾಲಿಗಳಿಗೂ ದೀಪಗಳಿಗೂ ವಿಭೂತಿ ಹಚ್ಚಿ, ಕೊನೆಗೆ “ಜೀವ ಇರೂದು ಇದರಾಗ” ಎಂದು ಬ್ಯಾಟರಿಗೂ ಮೂರು ಬೆರಳು ಎಳೆಯುತ್ತಾರೆ. ಅದನ್ನು ಯಾರೂ ಒರೆಸುವಂತಿಲ್ಲ. ವೈರು ಸೇರುವ ಸೀಸದ ಎರಡು ಮೋಟು ಗುಬ್ಬಿಗಳ ಮೇಲೂ ಬಿಳಿ ಪುಡಿ ದಪ್ಪಗೆ ಕೂತಿತ್ತು. ನಾವೆಲ್ಲ ದಿನಾ ಅದನ್ನು ವಿಭೂತಿಯೆಂದೇ ನೋಡಿದ್ದೆವು. ಬಾಗಿ ನೋಡಿದರೆ ಅದರ ಅಂಚು ಹಸಿರು.

ವಿಭೂತಿಗೆ ಹಸಿರು ಎಲ್ಲಿಂದ ಬಂತು?

“ಅತ್ತೀ, ಇದ ನೀವು ಹಚ್ಚಿದ್ದೇನ್ರಿ?”

ಅತ್ತೆ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ಪರೀಕ್ಷಿಸಿದರು. “ನಾ ಹಚ್ಚಿದ್ದು ನಟ್ಟನಡುವ, ಮೂರು ಗೀರು. ಈ ಹಸಿರು ನಂದಲ್ಲಪಾ. ಒರಸ್ರಿ ಬೇಕಾದ್ರ. ಪಾಪ ಬಂದ್ರ ನನಗ ಬರಲಿ.”

ಹಾಗಾದರೆ ಇದು ಕಿಲುಬು, ನಾನು ಹುಡುಕುತ್ತಿದ್ದ ಕಸ. ಒರೆಸಲು ಅಪ್ಪಣೆಯೂ ಸಿಕ್ಕಿತು. ಯಜಮಾನರು ಕೀಲಿ ತೆಗೆದಿಟ್ಟು, ಪಾನಾ ಹಿಡಿದು ಮೊದಲು ಮೈನಸ್ ವೈರು, ಆಮೇಲೆ ಇನ್ನೊಂದು ಬಿಚ್ಚಿದರು. ನಾನು ಭಜಿಗೆ ಹಾಕುವ ಸೋಡಾವನ್ನು ಬಿಸಿನೀರಿನಲ್ಲಿ ಕದಡಿ, ಬ್ಯಾಟರಿಯ ಬಿರಡೆಗಳು ಬಿಗಿಯಾಗಿವೆಯೇ ನೋಡಿ, ಆ ಪುಡಿಯ ಮೇಲಷ್ಟೇ ಚಮಚದಿಂದ ಬಿಟ್ಟೆ. ಬುಸ್ಸೆಂದು ನೊರೆ ಎದ್ದಿತು. ಅತ್ತೆ ಎರಡು ಹೆಜ್ಜೆ ಹಿಂದೆ ಸರಿದರು.

“ನೀ ಓದಿದ ಕಾನ್ವೆಂಟಿನಾಗ ಇದನ್ನೂ ಕಲಿಸ್ಯಾರೇನು?” ಎಂದು ಕೇಳಿದರು.

“ಇಲ್ರಿ, ಕಸೂತಿ ಕಲಿಸ್ಯಾರ. ಇದು ಉಪ್ಪಿನಕಾಯಿ ಭರಣಿಯ ಕಿಲುಬು ಹಿಡಿದ ಮುಚ್ಚಳ ಸೋಡಾ ಹಾಕಿ ತಿಕ್ಕಿ ತಿಕ್ಕಿ ಬಂದದ್ದು.”

ನೊರೆ ಇಳಿದ ಮೇಲೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ನೀರು ಬಿಟ್ಟು, ಅರಿವೆಯಿಂದ ಒರೆಸಿದೆವು. ನಡುವಿನ ಮೂರು ಗೀರೂ ಅದರೊಡನೆ ಹೋದವು. ವೈರಿನ ತುದಿಯ ಬಳೆಯಂಥ ಹಿಡಿಕೆಯ ಒಳಗೂ ಕರಿ ಕಿಟ್ಟ ಇತ್ತು. ಯಜಮಾನರು ಅದನ್ನು ಪಾಲಿಶ್ ಕಾಗದದಿಂದ ಉಜ್ಜಿದಾಗ ಸೀಸ ಹೊಸ ಪಾವಲಿ ನಾಣ್ಯದ ಹಾಗೆ ಹೊಳೆಯಿತು. ಬಿಗಿದು ಕೂಡಿಸಿ, ಮೇಲೆ ತೆಳ್ಳಗೆ ಗ್ರೀಸ್ ಸವರಿದರು. ಮತ್ತೆ ಸೀಟು ಹತ್ತಿ ಕೀಲಿ ತಿರುವಿದರು. ಅತ್ತೆಯ ತುಟಿ ಜಪದಲ್ಲಿ ಅಲ್ಲಾಡುತ್ತಿತ್ತು.

ಟಕ್ ಅನ್ನಲಿಲ್ಲ. ಗರ್ರನೆ ತಿರುಗಿ ಗುಡುಗೇಬಿಟ್ಟಿತು. ಬುತ್ತಿಯನ್ನು ಓಡಿಹೋಗಿ ಕೊಡಬೇಕಾಯಿತು.

ಸಂಜೆ ಟ್ರ್ಯಾಕ್ಟರ್ ಎರೆಮಣ್ಣು ಮೆತ್ತಿಕೊಂಡು ಬಂತು. ಅರ್ಧ ಹೊಲ ಬಿತ್ತಿ ಆಗಿತ್ತು, ಹದ ಇನ್ನೂ ಇತ್ತು. ಉಳಿದರ್ಧ ನಾಳೆ ಬೆಳಿಗ್ಗೆ. ತೊಳೆದ ಬ್ಯಾಟರಿ ಇಳಿಬಿಸಿಲಿಗೆ ಕಪ್ಪಗೆ ಮಿಂಚುತ್ತಿತ್ತು. ನಾನೂ ಅತ್ತೆಯೂ ಅದನ್ನೇ ನೋಡುತ್ತ ನಿಂತಿದ್ದಾಗ ಚಾಚಿ ಖಾಲಿ ಬುಟ್ಟಿ ಹೊತ್ತು ಬಂದರು. ತಮ್ಮ ಮನೆಯೊಳಗೆ ಹೋಗುವ ಮುನ್ನ ಗೋಡೆಯ ಮೇಲಿಂದ ಒಂದು ಕಣ್ಣು ಹಾಯಿಸಿದರು.

“ಅಯ್ಯ, ಬ್ಯಾಟ್ರಿ ಹಣಿ ಬೋಳ ಕಾಣತೈತಲ್ರಿ! ಒಂದೀಟು ವಿಭೂತಿ ಹಚ್ಚರಿ ಅಮ್ಮಾರ, ನಾಳಿನೂ ಚಾಲೂ ಆಗಬೇಕಲ್ಲ.”