ಗಂಟುಮೋರೆಯವನ ಕಿವಿಗಳು

ನಾನು ಸಿಟ್ಟಿನ ಮನುಷ್ಯನಲ್ಲ. ಈ ಮಾತನ್ನು ಬರೆದು ಹೇಳಿದರೆ ಜನ ನಂಬುತ್ತಾರೆ, ಎದುರಿಗೆ ನಿಂತು ಹೇಳಿದರೆ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ತಪ್ಪೆಲ್ಲ ನನ್ನ ಮುಖದ್ದು. ಹುಬ್ಬು ಕೆಳಗಿಳಿದು, ಬಾಯಿಯ ತುದಿಗಳು ನೆಲ ನೋಡುತ್ತ, ಸುಮ್ಮನೆ ಕೂತಾಗಲೂ ಯಾರನ್ನೋ ವಿಚಾರಿಸಿಕೊಳ್ಳಲು ಹೊರಟವನ ಹಾಗೆ ಕಾಣುತ್ತೇನೆ. ನಮ್ಮ ಸಿಂಧನೂರಿನ ಕಡೆ ಮುಖಕ್ಕೆ ಮಾರಿ ಅನ್ನುತ್ತಾರೆ. ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿ ಶಾರದಾ ಊಟಕ್ಕೆ ಕೂತಾಗಲೆಲ್ಲ ಕೇಳುತ್ತಿದ್ದಳು: "ಯಾಕ್ರೀ, ಮಾರಿ ಗಂಟ್ ಹಾಕ್ಕೊಂಡು ಕುಂತೀರಿ? ಪಲ್ಯಾಕ್ಕ ಉಪ್ಪು ಕಮ್ಮಿ ಆಗೇದೇನು?" ಪಲ್ಯ ಚೆನ್ನಾಗಿಯೇ ಇರುತ್ತಿತ್ತು. ನಾನು ಅದನ್ನು ಆನಂದದಿಂದಲೇ ಉಣ್ಣುತ್ತಿದ್ದೆ. ಆ ಆನಂದ ಮುಖದವರೆಗೆ ಬರುತ್ತಿರಲಿಲ್ಲ, ಅಷ್ಟೇ.

ಇಂಥ ಮುಖದಿಂದ ಲಾಭವಿಲ್ಲ ಎಂದು ಹೇಳಲಾರೆ. ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ನಾನು ಒಂದು ಗುಟುಕು ಕುಡಿಯುವಷ್ಟರಲ್ಲಿ ಅಂಗಡಿಯವನು ಓಡಿಬಂದು, "ಬದಲ್ ಮಾಡಿ ಕೊಡ್ಲೇನ್ರೀ ಸರ್?" ಅನ್ನುತ್ತಾನೆ. ಬೇಡವೆಂದರೂ ಕೇಳದೆ ಹೊಸ ಹಾಲು ಹಾಕಿ ಗಟ್ಟಿ ಚಹಾ ತಂದಿಡುತ್ತಾನೆ. ಕಾಲೇಜಿನಲ್ಲಂತೂ ಪರೀಕ್ಷೆಯ ದಿನ ನನಗೆ ಬಲು ಬೇಡಿಕೆ. ಒಮ್ಮೆ ಕೋಣೆಯ ಹಿಂಬದಿಯ ಗೋಡೆ ಗಡಿಯಾರ ನಿಂತಿದೆಯೋ ನಡೆಯುತ್ತಿದೆಯೋ ಎಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದೆ. ಅದರ ಕೆಳಗೆ ಕೂತಿದ್ದ ವಿದ್ಯಾರ್ಥಿ ಎದ್ದು ನಿಂತು, ಕಾಲುಚೀಲದಿಂದ ನಕಲು ಚೀಟಿ ತೆಗೆದು, "ಒಂದೇ ಅದರೀ ಸರ್, ದೇವರಾಣಿ" ಎಂದು ತಂದು ಕೈಗಿಟ್ಟ.

ನಾನು ಕಲಿಸುವುದು ಜೀವಶಾಸ್ತ್ರ. ಆದ್ದರಿಂದ ನನ್ನ ಈ ಸಂಕಟಕ್ಕೆ ಕಾರಣವೇನೆಂದು ಪುಸ್ತಕಗಳಲ್ಲಿ ಹುಡುಕಿದ್ದೇನೆ. ಮುಖ ನೋಡುವುದಕ್ಕೆಂದೇ ನಮ್ಮ ಮೆದುಳಿನ ತಳಭಾಗದಲ್ಲಿ ಒಂದು ಜಾಗ ಮೀಸಲಾಗಿದೆ. ಅದಕ್ಕೆ ಮುಖಗಳ ಹಸಿವು ಎಷ್ಟೆಂದರೆ, ಗೋಡೆಯ ತೇವದ ಕಲೆಯಲ್ಲಿ, ಲಾರಿಯ ಮುಂಭಾಗದಲ್ಲಿ, ಎರಡು ರಂಧ್ರವಿರುವ ಸ್ವಿಚ್ ಬೋರ್ಡಿನಲ್ಲಿಯೂ ಅದು ಒಂದು ಮುಖವನ್ನು ಕಂಡುಕೊಳ್ಳುತ್ತದೆ. ಅದಕ್ಕೂ ಒಳಗಡೆ, ಬಾದಾಮಿ ಬೀಜದ ಆಕಾರದ ಅಮಿಗ್ಡಲ ಎಂಬ ಇನ್ನೊಂದು ಭಾಗವಿದೆ. ಇದು ಮನೆಯ ಬಾಗಿಲಲ್ಲಿ ಕೂತ ಅಜ್ಜಿಯ ಹಾಗೆ. ಬಂದವರು ಯಾರು, ಯಾಕೆ ಬಂದರು ಎಂದು ಒಳಗಿನವರು ಕೇಳಿ ತಿಳಿಯುವುದರೊಳಗೆ, "ಇಂವ ಸಿಟ್ಟಿಲೇ ಬಂದಾನ" ಎಂದು ಕೂಗಿಬಿಟ್ಟಿರುತ್ತದೆ. ಅದರ ಅವಸರಕ್ಕೂ ಅರ್ಥವಿದೆ. ಸಿಟ್ಟಾದವನನ್ನು ಸಮಾಧಾನಿ ಎಂದು ತಿಳಿದರೆ ಏಟು ಬಿದ್ದೀತು, ಸಮಾಧಾನಿಯನ್ನು ಸಿಟ್ಟಿನವನೆಂದು ತಿಳಿದರೆ ಹೋಗುವುದೇನೂ ಇಲ್ಲ. ಹೋಗುವುದು ನನ್ನಂಥವನ ಮರ್ಯಾದೆ ಮಾತ್ರ.

ಮರ್ಯಾದೆ ಹೋದರೆ ಹೋಗಲಿ ಎಂದುಕೊಂಡೇ ಇಷ್ಟು ವರ್ಷ ಕಳೆದೆ. ಆದರೆ ಹೋದ ವರ್ಷ ಈ ಮುಖ ನನ್ನ ಮಗಳ ಬದುಕಿಗೇ ಅಡ್ಡ ಬಂದಿತು.

ಸುಧಾ ನಮಗೆ ಒಬ್ಬಳೇ ಮಗಳು, ಇಲ್ಲಿಯೇ ಹೈಸ್ಕೂಲಿನಲ್ಲಿ ಟೀಚರ್. ಮಸ್ಕಿಯಲ್ಲಿರುವ ನನ್ನ ಅಕ್ಕ ಗಿರಿಜಕ್ಕ ಅವಳಿಗೊಂದು ಸಂಬಂಧ ತಂದಳು. ಹುಡುಗ ಲಿಂಗಸೂಗೂರಿನವನು, ಮಲ್ಲಿಕಾರ್ಜುನ ಅಂತ ಹೆಸರು, ದನದ ಡಾಕ್ಟರ್. ಅವನ ತಂದೆ ಶರಣಪ್ಪನವರು ನಮ್ಮ ಸಿಂಧನೂರಿನ ಹಾಗೆ ಕಾಲುವೆ ನೀರಿಲ್ಲದ ಒಣಭೂಮಿಯಲ್ಲಿ ತೊಗರಿ ಬೆಳೆಯುವ ರೈತರು. ಒಂದು ಭಾನುವಾರ ಮನೆ ಮಂದಿಯೆಲ್ಲ ಕನ್ಯಾ ನೋಡಲು ಬಂದರು. ಶಿರಾ, ಉಪ್ಪಿಟ್ಟು ಆಯಿತು. ಈಗಿನ ಪದ್ಧತಿಯ ಪ್ರಕಾರ ಹುಡುಗ ಹುಡುಗಿ ಮಾಳಿಗೆಯ ಮೇಲೆ ಹೋಗಿ ಸ್ವಲ್ಪ ಮಾತಾಡಿ ಬಂದರು. ಕೆಳಗಿಳಿದು ಬಂದ ಸುಧಾಳ ಮುಖ ನೋಡಿದೆ. ಹುಡುಗ ಮನಸ್ಸಿಗೆ ಬಂದಿದ್ದ. ಅದನ್ನು ಓದಲು ಬಾದಾಮಿ ಬೀಜವೂ ಬೇಕಿರಲಿಲ್ಲ.

ನನಗೂ ಹುಡುಗ ಬಹಳ ಹಿಡಿಸಿದ್ದ. ಆದರೆ ನಮ್ಮ ಕಡೆ ಇಂಥ ಹೊತ್ತಿನಲ್ಲಿ ಹೂಂ, ಊಹೂಂ ಎಂದು ಬಾಯಿಬಿಟ್ಟು ಹೇಳುವ ಪದ್ಧತಿಯಿಲ್ಲ. ಹೆಣ್ಣಿನ ತಂದೆ ಮೇಲೆ ಬಿದ್ದು ಒಪ್ಪಿಗೆ ಅಂದರೆ ಹಗುರಾದ, ಒಪ್ಪಿಗೆಯಿಲ್ಲ ಅಂದರೆ ಬಂದವರಿಗೆ ಅಪಮಾನ. ಆದ್ದರಿಂದ ಒಪ್ಪಿದವನೂ ಒಪ್ಪದವನೂ ಹೇಳುವುದು ಒಂದೇ ಮಾತು. ಯಾವುದು ಯಾವುದೆಂದು ಎದುರಿನವರು ಮುಖ ನೋಡಿ ತಿಳಿದುಕೊಳ್ಳಬೇಕು. ಶರಣಪ್ಪನವರು ಚಹಾದ ಕಪ್ಪು ಕೆಳಗಿಟ್ಟು, "ನಿಮಗ ಹ್ಯಾಂಗ ಅನಸ್ತದ್ರೀ ಸರ್?" ಎಂದರು. ನಾನು ವಾಡಿಕೆಯ ಮಾತನ್ನೇ ಹೇಳಿದೆ: "ಹಿರಿಯರು ನೀವದೀರಿ. ನೀವು ಹ್ಯಾಂಗ ಅಂತೀರಿ ಹಾಂಗ."

ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಈ ಮುಖದಿಂದ ಹೊರಟಾಗ ಅದು, ಏನಂತೀರೋ ಅನ್ನಿರಿ ನೋಡೋಣ, ಎಂದಂತೆ ಕೇಳಿಸಿತಂತೆ. ಶರಣಪ್ಪನವರು ಚಹಾ ಅರ್ಧಕ್ಕೇ ಬಿಟ್ಟು, "ತಿಳಸ್ತೀವ್ರೀ" ಎಂದು ಎದ್ದರು. ತಿಳಿಸುತ್ತೇವೆ ಎಂದವರು ತಿಳಿಸುವುದಿಲ್ಲ ಎಂಬುದು ಹೆಣ್ಣು ಹೆತ್ತ ಎಲ್ಲರಿಗೂ ಗೊತ್ತು.

ವಾರ ಕಳೆಯಿತು. ಸುಧಾ ಏನೂ ಆಗಿಲ್ಲವೆಂಬಂತೆ ಶಾಲೆಗೆ ಹೋಗಿ ಬರುತ್ತಿದ್ದಳು. ಆದರೆ ಊಟದ ತಟ್ಟೆಯಲ್ಲಿ ಬೆರಳಾಡಿಸಿ ಎದ್ದುಬಿಡುತ್ತಿದ್ದಳು, ಫೋನು ಸದ್ದು ಮಾಡಿದರೆ ಎಲ್ಲರಿಗಿಂತ ಮೊದಲು ತಿರುಗಿ ನೋಡುತ್ತಿದ್ದಳು. ಕೊನೆಗೆ ಗಿರಿಜಕ್ಕನ ಫೋನ್ ಬಂತು. "ಲೇ ತಮ್ಮಾ, ಆ ದಿನ ನಿನ್ನ ಮಾರಿಗೆ ಏನ್ ಬಂದಿತ್ತಲೇ? ನೀ ಒಲ್ಲೆ ಅಂದಿ ಅಂತ ಅವರು ಸುಮ್ನ ಕುಂತಾರ!"

"ನಾ ಯಾವಾಗ ಒಲ್ಲೆ ಅಂದೆ ಅಕ್ಕಾ?"

"ಬಾಯಿಲೆ ಅಂದಿಲ್ಲ. ಕಾಲವಿ ನೀರಿನ ಮಂದಿ, ಕಾಲೇಜಿನ ಮಾಸ್ತರು, ನಮ್ಮಂಥ ಒಣಭೂಮಿಯವರು ಅವರ ಕಣ್ಣಿಗೆ ಬರ್ತೀವೇನು ಅಂತ ಶರಣಪ್ಪ ಅನ್ನಾಕತ್ತಾರ."

ಇಲ್ಲಿ ಇನ್ನಷ್ಟು ಜೀವಶಾಸ್ತ್ರ ಹೇಳಲು ಅಪ್ಪಣೆ ಕೊಡಿ. ಏನೂ ಹೇಳದ ಸಪ್ಪೆ ಮುಖವೊಂದು ಎದುರಿಗೆ ಬಂದಾಗ ಮೆದುಳು ಸುಮ್ಮನಿರುವುದಿಲ್ಲ. ತನ್ನೊಳಗೆ ಏನಿದೆಯೋ ಅದನ್ನೇ ಅದರ ಮೇಲೆ ಬರೆಯುತ್ತದೆ. ಹಿಗ್ಗಿನಲ್ಲಿದ್ದವನಿಗೆ ಆ ಮುಖ ಶಾಂತವಾಗಿ ಕಂಡರೆ, ಹೆದರಿದವನಿಗೆ ಬಿರುಸಾಗಿ ಕಾಣುತ್ತದೆ. ಶರಣಪ್ಪನವರು ಮನೆಯಿಂದಲೇ ಒಂದು ಅಳುಕು ತಂದಿದ್ದರು, ಅದನ್ನು ನನ್ನ ಮುಖದ ಮೇಲೆ ಓದಿಕೊಂಡು ವಾಪಸು ಒಯ್ದರು. ಇದನ್ನೆಲ್ಲ ತಿಳಿದ ಮೇಲೆ ನನಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಮಗಳ ತಟ್ಟೆಯಲ್ಲಿ ಅನ್ನ ಹಾಗೇ ಉಳಿಯುತ್ತಿತ್ತು.

ಶರಣಪ್ಪನವರನ್ನು ತನ್ನ ಮನೆಗೆ ಕರೆಸುತ್ತೇನೆ, ನೀವೂ ಬನ್ನಿ ಎಂದಳು ಅಕ್ಕ. ಮಸ್ಕಿ ಇರುವುದು ಇಬ್ಬರಿಗೂ ನಡುದಾರಿಯಲ್ಲಿ, ಯಾರೂ ಯಾರ ಬಾಗಿಲಿಗೂ ಹೋದ ಹಾಗಾಗುವುದಿಲ್ಲ. ಅಂದಿನಿಂದ ನಾನು ಕನ್ನಡಿಯ ಮುಂದೆ ನಿಂತು ನಗುವುದನ್ನು ರೂಢಿ ಮಾಡತೊಡಗಿದೆ. ಬಲು ಕಷ್ಟದ ಕೆಲಸ. ತಾನಾಗಿ ಬರುವ ನಗೆಗೂ ಬಾ ಎಂದು ಕರೆಸಿಕೊಂಡ ನಗೆಗೂ ಮೆದುಳಿನಲ್ಲಿ ದಾರಿಗಳೇ ಬೇರೆ. ಕರೆಸಿಕೊಂಡದ್ದು ತುಟಿಯವರೆಗೆ ಬಂದು ನಿಲ್ಲುತ್ತದೆ, ಕಣ್ಣಿನ ಸುತ್ತಲಿನ ಸ್ನಾಯು ಅದರ ಮಾತು ಕೇಳುವುದಿಲ್ಲ. ಶಾರದಾ ಒಂದು ಬೆಳಿಗ್ಗೆ ಹಿಂದಿನಿಂದ ಬಂದು ಕನ್ನಡಿಯಲ್ಲಿ ನನ್ನನ್ನು ನೋಡಿ, "ಅಯ್ಯ ನಮ್ಮವ್ವಾ! ಹಲ್ಲು ನೋಯಾಕತ್ತಾವೇನ್ರೀ?" ಎಂದಳು.

ಮಸ್ಕಿಗೆ ಹೋದೆವು. ನಾನು, ಶಾರದಾ ಒಂದು ಕಡೆ. ಶರಣಪ್ಪನವರು, ಮಲ್ಲಿಕಾರ್ಜುನ ಎದುರಿಗೆ. ನಡುವೆ ಗಿರಿಜಕ್ಕನ ಒಗ್ಗರಣೆ ಮಂಡಕ್ಕಿ, ಬಿಸಿ ಮಿರ್ಚಿ ಬಜ್ಜಿ. ನಾನು ರೂಢಿ ಮಾಡಿದ ನಗೆಯನ್ನು ಹೊರತೆಗೆದೆ. ಶರಣಪ್ಪನವರು ಮಿರ್ಚಿಯನ್ನು ತಟ್ಟೆಗೆ ಹಾಕಿ ಗಾಬರಿಯಿಂದ ಮಗನ ಕಡೆ ನೋಡಿದರು. ಹುಡುಗ ನಗುತ್ತಿದ್ದ.

"ಅಪ್ಪಾ, ನಾ ಆವತ್ತೇ ಹೇಳಿಲ್ಲೇನು? ಮಾರಿ ನೋಡಬ್ಯಾಡ, ಕಿವಿ ನೋಡು."

"ಏನ್ ಕಿವಿನೋ ಏನೋ!" ಎಂದು ಶರಣಪ್ಪನವರು ನನ್ನ ಕಡೆ ತಿರುಗಿದರು. "ನೋಡ್ರೀ ಸರ್, ನಿಮ್ಮ ಮನಿಯಿಂದ ಬರೋ ದಾರ್‍ಯಾಗಿಂದ ಇದನ್ನ ಹೇಳಾಕತ್ತಾನ. ನೀವು ಆ ಮಾತು ಅಂದಾಗ ನಿಮ್ಮ ಕಿವಿ ಮ್ಯಾಲೆದ್ದಿದ್ವಂತ. ಸಿಟ್ಟಿಗೆದ್ದ ದನ ಕಿವಿ ಹಿಂದಕ್ಕ ಒಗೀತದ, ಇವು ಹಂಗಲ್ಲ, ಸರ್ ಖುಷಿ ಅದಾರ ಅಂತಾನ. ಕಿವಿ ನೋಡಿ ಲಗ್ನ ಮಾಡಾಕ ನಾವೇನು ಎತ್ತು ತರಾಕ ಹೋಗಿದ್ವೇನೋ ಅಂತ ಬೈದೆ."

"ನಿನಗ ಯಾರು ಹೇಳಿದ್ರಪಾ ಇದನ್ನ?" ಎಂದೆ ನಾನು.

ಹುಡುಗ ಕೆಳಗೆ ನೋಡುತ್ತ, "ಮಾಳಿಗಿ ಮ್ಯಾಲೆ ಸುಧಾ ಅವರು ಹೇಳಿದ್ರು ರೀ. ನಮ್ಮಪ್ಪನ ಮಾರಿ ನೋಡಿ ಹೆದರಬ್ಯಾಡ್ರಿ, ಕಿವಿ ಮ್ಯಾಲೆ ಲಕ್ಷ್ಯ ಇಡ್ರಿ ಅಂತ" ಎಂದ.

ಕಿವಿಯ ಸುತ್ತ ನಮಗೂ ಸಣ್ಣ ಸ್ನಾಯುಗಳಿವೆ. ಬೆಕ್ಕಿಗೂ ಎತ್ತಿಗೂ ಅವು ಬಹಳ ಕೆಲಸಕ್ಕೆ ಬರುತ್ತವೆ, ಮನುಷ್ಯರಲ್ಲಿ ಉಪಯೋಗವಿಲ್ಲದೆ ಹಾಗೇ ಉಳಿದುಕೊಂಡಿವೆ ಎಂದು ನಾನೇ ಪ್ರತಿ ವರ್ಷ ಪಾಠ ಮಾಡುತ್ತೇನೆ. ನನ್ನ ಹಿಗ್ಗೆಲ್ಲ ಮುಖದ ದಾರಿ ಮುಚ್ಚಿದ್ದರಿಂದ ಅಲ್ಲಿಗೆ ಹೋಗಿ ಸೇರುತ್ತಿತ್ತೆಂದು ನನಗೆ ತಿಳಿದಿರಲಿಲ್ಲ. ಅಕ್ಕ ತಡಮಾಡಲಿಲ್ಲ. "ಶರಣಪ್ಪಾರ, ಈಗ ಕೇಳ್ರಿ ಮತ್ತೊಮ್ಮಿ" ಎಂದಳು. ಶರಣಪ್ಪನವರು ಗಂಟಲು ಸರಿಮಾಡಿಕೊಂಡು, "ನಮ್ಮ ಹುಡುಗ ನಿಮಗ ಹ್ಯಾಂಗ ಅನಸ್ತಾನ್ರೀ ಸರ್?" ಎಂದು ನನ್ನ ಕಣ್ಣು ಬಿಟ್ಟು ಎಡಗಿವಿಯನ್ನು ನೋಡತೊಡಗಿದರು. ಶಾರದಾ ಬಲಗಿವಿ ನೋಡಿದಳು. ನಾನು ಬಾಯಿ ತೆಗೆಯುವ ಮೊದಲೇ ಕಿವಿಗಳೆರಡೂ ಮೇಲೆದ್ದವು, ಮನೆಯೆಲ್ಲ ಗೊಳ್ಳೆಂದು ನಕ್ಕಿತು. ಗಿರಿಜಕ್ಕ ಸಕ್ಕರೆ ಡಬ್ಬಿ ತರಲು ಒಳಗೆ ಓಡಿದಳು.

ವಾಪಸು ಬರುವಾಗ ಬಸ್ಸಿನಲ್ಲಿ ಶಾರದಾ ಕಿಟಕಿಯ ಕಡೆ ತಿರುಗಿ ಕೂತಳು. ಇಷ್ಟು ವರ್ಷ ಪಲ್ಯಕ್ಕೆ ಉಪ್ಪಿನ ಮೇಲೆ ಉಪ್ಪು ಹಾಕಿಸಿ, ಕಿವಿಯ ಗುಟ್ಟನ್ನು ಮಗಳೊಬ್ಬಳಿಗೇ ಬಿಟ್ಟುಕೊಟ್ಟೆನೆಂದು ಸಿಟ್ಟು. ಮನೆಗೆ ಬಂದು ಸುಧಾಳನ್ನು ಕೇಳಿದೆ. "ಸಣ್ಣಾಕಿದ್ದಾಗ ನೀ ಹೆಗಲ ಮ್ಯಾಲೆ ಕುಂಡ್ರಿಸಿಕೊಂಡು ಅಡ್ಡಾಡ್ತಿದ್ದಿಲ್ಲ ಅಪ್ಪಾ? ಅಲ್ಲಿಂದ ನನಗ ನಿನ್ನ ಮಾರಿ ಎಲ್ಲಿ ಕಾಣ್ತಿತ್ತು? ಕಿವಿ ಹಿಡ್ಕೊಂಡು ಕುಂಡ್ರತಿದ್ದೆ" ಎಂದಳು. ಅಂದು ರಾತ್ರಿ ಅವಳು ಎರಡು ರೊಟ್ಟಿ ಹೆಚ್ಚಿಗೆ ಉಂಡಳು.

ನಿಶ್ಚಯದ ದಿನ ಫೋಟೋದವನು, "ಸರ್, ಸ್ವಲ್ಪ ನಗ್ರಿ" ಎಂದ. ನಮ್ಮ ಮನೆತನದಲ್ಲಿ ಫೋಟೋಕ್ಕೆ ಯಾರೂ ನಕ್ಕವರಲ್ಲ. ನಮ್ಮಪ್ಪ, ಅಜ್ಜ ಎಲ್ಲರೂ ಪೊಲೀಸರು ಹಿಡಿದು ತಂದು ನಿಲ್ಲಿಸಿದವರ ಹಾಗೆ ನಿಂತಿದ್ದಾರೆ. ಆದರೆ ಕನ್ನಡಿಯ ಮುಂದೆ ಪಟ್ಟ ಪಾಡು ಅಂದು ಕೈಹಿಡಿಯಿತು. ನಕ್ಕೆ. ಬೀಗರು ಮೆಚ್ಚಿದರು, ಅಕ್ಕ ನೆಟಿಗೆ ಮುರಿದು ದೃಷ್ಟಿ ತೆಗೆದಳು, ಫೋಟೋದವನು ಹೆಬ್ಬೆರಳು ಎತ್ತಿ ತೋರಿಸಿದ. ಪಕ್ಕದಲ್ಲಿದ್ದ ಸುಧಾ ಮಾತ್ರ ನನ್ನ ಬಾಯಿ ನೋಡಲಿಲ್ಲ.

"ಅಪ್ಪಾ," ಎಂದಳು ಮೆಲ್ಲಗೆ, "ಕಿವಿ ಇಳಿದಾವಲ್ಲ."

ಮಗಳು ಹೋಗುತ್ತಾಳೆಂಬುದು ಆ ನಗೆಯ ನಡುವೆಯೇ ಎದೆಗೆ ಬಂದು ಕೂತಿತ್ತು. ಫೋಟೋದವನ ಕಡೆ ನೋಡುತ್ತ ನಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಲಿಂಗಸೂಗೂರೇನು ದೂರ ಅದ? ಮಸ್ಕ್ಯಾಗ ಗಿರಿಜತ್ತಿ ಮನಿ ಅದ. ನೀ ಅರ್ಧ ದಾರಿ ಬಾ, ನಾ ಅರ್ಧ ದಾರಿ ಬರ್ತೀನಿ. ಮಿರ್ಚಿ ತಿನ್ನೋಣು."

ನನ್ನ ನಗೆ ಹಾರಿಹೋಯಿತು. ಹುಬ್ಬು ಕೆಳಗಿಳಿಯಿತು, ಬಾಯಿಯ ತುದಿಗಳು ತಮ್ಮ ಹಳೆಯ ಜಾಗ ಸೇರಿದವು. ಅಷ್ಟರಲ್ಲಿ ಫೋಟೋದವನು ಇನ್ನೊಂದು ಹೊಡೆದುಬಿಟ್ಟ.

ನಗುವ ಫೋಟೋ ನಮ್ಮ ಮನೆಯ ಗೋಡೆಯ ಮೇಲಿದೆ, ನೋಡಿದವರೆಲ್ಲ ಹೊಗಳುತ್ತಾರೆ. ಎರಡನೆಯದನ್ನು ಸುಧಾ ಲಿಂಗಸೂಗೂರಿಗೆ ಒಯ್ದು ತನ್ನ ಮನೆಯ ಪಡಸಾಲೆಯಲ್ಲಿ ಹಾಕಿಕೊಂಡಿದ್ದಾಳೆ. ಬಂದವರು, ಇವರ್‍ಯಾರು, ಇಷ್ಟು ಸಿಟ್ಟಿಗೆದ್ದಾರಲ್ಲ ಎಂದು ಕೇಳುತ್ತಾರಂತೆ. "ನಮ್ಮಪ್ಪ ರೀ. ಅವತ್ತು ಎಷ್ಟು ಖುಷಿ ಇದ್ರು ನೋಡ್ರಿ" ಎಂದು ಅವಳು ಹೇಳುತ್ತಾಳಂತೆ. ಕೇಳಿದವರು ಫೋಟೋದ ಹತ್ತಿರ ಹೋಗಿ ಇನ್ನೊಮ್ಮೆ ನೋಡುತ್ತಾರಂತೆ.