ಕೀ ಮುಟ್ಟುವ ಹಾಗಿಲ್ಲ

ನಮ್ಮ ಹಾಲಿನ ಡೈರಿಯ ವಾಟ್ಸಾಪ್ ಗುಂಪಿನಲ್ಲಿ ಬರೆಯುವವರು ಕಡಿಮೆ. ಎಲ್ಲರೂ ಮಾತನ್ನೇ ರೆಕಾರ್ಡ್ ಮಾಡಿ ಕಳಿಸುತ್ತಾರೆ. ಹಿಂಡಿ ಬಂದ ಸುದ್ದಿಯಾಗಲಿ, ಹಸು ಮಾರುವ ಸುದ್ದಿಯಾಗಲಿ, ಹಿಂದೆ ಒಂದು ಕರು ಕೂಗುತ್ತಲೇ ಇರುತ್ತದೆ. ಅದೇ ಗುಂಪು ಈಚೆಗೆ ಒಂದು ದಿನ ಪೊಲೀಸ್ ಕಾನೂನಿನ ಪಾಠಶಾಲೆಯಾಯಿತು.

ಆ ಬೆಳಿಗ್ಗೆ ಹಂಗಳದಲ್ಲಿ ಗುಂಡ್ಲುಪೇಟೆ ಬಸ್ಸಿಗೆ ಕಾಯುತ್ತಿದ್ದೆ. ನಮ್ಮ ಪಕ್ಕದ ಮನೆಯವನು ಹೆಲ್ಮೆಟ್ ಇಲ್ಲದೆ ಬೈಕಿನಲ್ಲಿ ಬಂದ. ಭೀಮನಬೀಡು ಊರಿನ ಪೇದೆಯೊಬ್ಬರು ಅಡ್ಡ ನಿಂತರು. ಬೈಕು ನಿಧಾನವಾಗಿತ್ತು, ನಿಂತಿರಲಿಲ್ಲ, ಇದನ್ನು ಹೇಳಲೇಬೇಕು. ಪೇದೆ ಕೀ ಕಡೆಗೆ ಕೈ ಚಾಚಿದರು.

"ಕೀ ಮುಟ್ಟಂಗಿಲ್ಲ ಸಾ, ಕಾನೂನು ನಮ್ಗೂ ಗೊತ್ತು" ಎನ್ನುತ್ತ ಇವನು ಒಂದು ಕೈಯಿಂದ ಕೀ ಮುಚ್ಚಿದ, ವಿಡಿಯೊ ಮಾಡಲು ಇನ್ನೊಂದನ್ನು ಜೇಬಿಗೆ ಹಾಕಿದ. ಹ್ಯಾಂಡಲ್ಲಿಗೆ ಮೂರನೆಯ ಕೈ ಇರಲಿಲ್ಲ. ಬೈಕು ನನ್ನ ಕಾಲಿನ ಪಕ್ಕದಲ್ಲೇ ಬಿತ್ತು. ಅವನ ಮಂಡಿ ತರಚಿ ರಕ್ತ ಬಂತು. ನನಗೇನೂ ಆಗಲಿಲ್ಲ, ಊಟದ ಡಬ್ಬಿಯನ್ನು ಕೆಳಗಿಟ್ಟು ಅವನನ್ನು ಎಬ್ಬಿಸಿದೆ.

ಯಾರೋ ಪೇದೆಯ ಬೆನ್ನ ಹಿಂದಿನಿಂದ ತೆಗೆದ ವಿಡಿಯೊ, ನಾನು ಗುಂಡ್ಲುಪೇಟೆ ಸೇರುವ ಮೊದಲೇ ಗುಂಪಿಗೆ ಬಂದಿತ್ತು. ಚಾಚಿದ ಕೈ ಕಾಣುತ್ತಿತ್ತು, ಬಿದ್ದವನು ಕಾಣುತ್ತಿದ್ದ. ನಡುವಿನದನ್ನು ಪೇದೆಯ ಬೆನ್ನು ಮುಚ್ಚಿತ್ತು.

"ನೂಕ್ಬುಟ್ಟ ಕಣ್ಲಾ, ಕಾಣಾಕಿಲ್ವಾ?" ಎಂದಿತು ಒಂದು ದನಿ.

ಬದನಗುಪ್ಪೆಯ ಕಾರ್ಖಾನೆಗೆ ಹೋಗುವವನೊಬ್ಬ ಯಂತ್ರದ ಸದ್ದಿನ ನಡುವೆ ಕೂಗಿದ: "ಪೇದೆಗೆ ಗಾಡಿ ನಿಲ್ಸೋ ಪವರ್ರೇ ಇಲ್ಲ. ನಾನು ವಿಡಿಯೊ ನೋಡಿವ್ನಿ."

"ಹಸೂನ ಕಾಯಿಲೆಗೂ ನೀನು ವಿಡಿಯೊ ನೋಡಿದ್ದೆ. ಹಸ ಏನಾಯ್ತು, ಅದ ಯೇಳು ಮೊದ್ಲು" ಎಂದರು ಡೈರಿಯ ಕಾರ್ಯದರ್ಶಿ.

ಮಧ್ಯಾಹ್ನ ಬಿದ್ದವನ ತಾಯಿ ಫೋನ್ ಮಾಡಿದರು. "ನೀನಲ್ಲೇ ಇದ್ಯಂತಲ್ಲಪ್ಪ. ನೂಕಿದ್ದು ದಿಟ್ವಾ? ಗುಂಪ್ನೋರು ಸಂಜಿಗೆ ಕಂಪ್ಲೇಂಟು ಕೊಡ್ಸ್ತೀವಿ ಅಂತಾವ್ರೆ. ಆ ಭೀಮನಬೀಡಿನ ಪೋಲೀಸಪ್ಪನ ಕೆಲ್ಸ ಓಯ್ತದಂತೆ. ನನ್ಮಗ ಬಾಯೇ ಬುಡ್ತಿಲ್ಲ."

ಅವರಿಗೊಬ್ಬರಿಗೆ ಹೇಳಿದರೆ ಸಂಜೆಗೆ ಅದೇ ಬೇರೆ ಮಾತಾಗಬಹುದೆಂದು ಗುಂಪಿಗೇ ಹೇಳಿದೆ. ಎರಡು ಸಲ ಅಳಿಸಿ, ಮತ್ತೆ ಹೇಳಿದೆ: "ಕೀಗೆ ಕೈ ಚಾಚಿದ್ದು ದಿಟ. ನೂಕಿದ್ದ ನಾ ಕಾಣ್ನಿಲ್ಲ. ಇವ್ನು ಎರಡೂ ಕೈ ಬುಟ್ಟಿದ್ದ ಕಂಡೆ."

ಅರ್ಧ ಗುಂಪು ನನ್ನನ್ನು ಪೊಲೀಸರ ಕಡೆಯವನೆಂದಿತು. ಉಳಿದರ್ಧ, ಕೀ ವಿಷಯ ಯಾಕೆ ಎತ್ತಿದೆ ಎಂದು ಬೈಯಿತು.

ಸಂಜೆ ಡೈರಿಯಲ್ಲಿ ಆ ತಾಯಿ ಹಾಲಿನ ಕ್ಯಾನು ಕೆಳಗಿಟ್ಟು, ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ಫೋನಿನಲ್ಲಿ ನನ್ನ ಮಾತನ್ನು ಹಾಕಿದರು. ಮಗ ಮಂಡಿಗೆ ಪಟ್ಟಿ ಕಟ್ಟಿಕೊಂಡು ಪಕ್ಕದಲ್ಲೇ ಇದ್ದ.

"ದಿಟ್ವೇನ್ಲಾ?"

ಅವನು ಹಾಲನ್ನೇ ನೋಡುತ್ತ, "ಊಂ ಕಣವ್ವ" ಎಂದ. "ಬೆಳಿಗ್ಗೆಯಿಂದ ಎಲ್ರೂ ನಂಗೆ ಸಪೋಟ್ ಮಾಡ್ತಿದ್ರು. ಎಂಗ ಯೇಳ್ಲಿ?"

"ನಡಿ, ಟೇಸನ್ಗೆ ಓಗನ" ಎಂದವರು ನನ್ನ ಕಡೆ ತಿರುಗಿ, "ನೀನೂ ಬಾಪ್ಪ" ಎಂದರು.

ಠಾಣೆಯಲ್ಲಿ ಅವನು ಸಾಹೇಬರ ಮುಂದೆ ಅದನ್ನೇ ಹೇಳಿದ. ಗೋಡೆಗೆ ಒರಗಿ ನಿಂತಿದ್ದ ಪೇದೆ ಟೋಪಿ ತೆಗೆದು ಹಣೆ ಒರೆಸಿಕೊಂಡರು. ಹೆಲ್ಮೆಟ್ಟಿಗೆ ದಂಡ ಬಿತ್ತು, ತಾಯಿ ಬೇಡವೆನ್ನಲಿಲ್ಲ. ಹೊರಡುವಾಗ ಮಾತ್ರ ಪೇದೆಯ ಮುಂದೆ ನಿಂತರು.

"ಓಡೋ ಗಾಡಿ ಕೀಗೆ ಕೈ ಹಾಕ್ಬೇಡ ಕಣಪ್ಪ. ನೀನೂ ಬಿದ್ದಿದ್ರೆ?"

"ಇನ್ಮೇಲೆ ಹಾಕಾಕಿಲ್ಲ ಕಣವ್ವ" ಎಂದರು ಪೇದೆ, ಬಹಳ ಮೆಲ್ಲಗೆ.