ಸಲ್ಕಂತಾಯ್ ಬೆಟ್ಟಕ್ಕೆ ನಡೆದೇ ಹೋದೆ

ನಾವಿರೋದು ಸಿಡ್ನಿಯ ಕ್ವೇಕರ್ಸ್ ಹಿಲ್‌ನಲ್ಲಿ. ಹೆಸರಲ್ಲಿ ಹಿಲ್ ಇದೆ ಅಷ್ಟೇ, ಏದುಸಿರು ಬರಿಸೋ ಅಂಥದ್ದೇನೂ ಇಲ್ಲ. ಮೊಮ್ಮಗಳು ಪೆರು ದೇಶದ ಸಲ್ಕಂತಾಯ್‌ಗೆ ಟ್ರೆಕ್ ಬುಕ್ ಮಾಡ್ತೀನಿ, ಅಪ್ಪನೂ ಬರ್ತಾರೆ ಅಂದಾಗ, ನಾನೂ ಬರ್ತೀನಿ ಅಂದೆ. ಅವಳಪ್ಪ, ಅಂದರೆ ನಮ್ಮ ಅಳಿಯಂದಿರು, ನಕ್ಕರು. ನಾನು ನಗಲಿಲ್ಲ.

ಸಲ್ಕಂತಾಯ್ ಅಂದರೆ ಅಲ್ಲಿಯವರ ಕೆಚುವಾ ಭಾಷೆಯಲ್ಲಿ ಪಳಗದ್ದು, ಕಾಡುಸ್ವಭಾವದ್ದು ಅಂತಂತೆ. ಹಾಗೇ ಇದೆ. ಮೈತುಂಬ ಹಿಮ, ಚೂಪು ತಲೆ, ಯಾರನ್ನೂ ಬಾ ಅನ್ನೋ ಮುಖವಲ್ಲ. ನಾವು ಹೋಗಬೇಕಾಗಿದ್ದು ತುದಿಗಲ್ಲ. ಅದರ ಹೆಗಲ ಮೇಲೆ ಹಾದು ಆಚೆಗಿಳಿಯೋ ದಾರಿ.

ಕೆಳಗಿನ ಊರಲ್ಲಿ ನಾಲ್ಕು ದಿನ ಇದ್ದು ಆ ತೆಳು ಗಾಳಿಗೆ ಒಗ್ಗಿಕೊಂಡೆವು. ಹತ್ತೋ ದಿನ ಬೆಳಿಗ್ಗೆ ಟೆಂಟಿನಿಂದ ಹೊರಗೆ ಬಂದರೆ, ಜೀನು ಬಿಗಿದ ಕುದುರೆ ನಿಂತಿದೆ.

"ಅತ್ತೆ, ಇದು ನಿಮಗೆ," ಅಂದರು ಅಳಿಯ. ನನ್ನನ್ನೊಂದು ಮಾತು ಕೇಳಿರಲಿಲ್ಲ.

"ನನ್ ಕಾಲೇನು ಬಿದ್ದುಹೋಗಿದ್ಯಾ?"

"ನಿಮಗೆ ಅರವತ್ತೊಂಬತ್ತು, ಅತ್ತೆ."

"ಕುದುರೆಗೆ ಯಾಕೆ ಹೇಳಿದ್ರಿ ಅದನ್ನ?"

ಕೊನೆಗೆ ಗೈಡ್ ರಾಜಿ ಮಾಡಿಸಿದ. ಕುದುರೆ ಹಿಂದೆಯೇ ಬರುತ್ತೆ. ದಾರಿಯಲ್ಲಿ ನಾನು ಒಂದು ಸಲ ಕೂತರೂ ಸರಿ, ಎದುರು ಮಾತಾಡದೆ ಕುದುರೆ ಹತ್ತಬೇಕು. ಒಪ್ಪಿದೆ. ಮೂಟೆ ಥರ ಹೇರಿಸಿಕೊಂಡು ಹೋಗೋಕೆ ಅಷ್ಟು ದೂರ ಬಂದಿರಲಿಲ್ಲ ನಾನು.

ನಾನು ಓದಿದ್ದು ನಾಲ್ಕನೇ ಕ್ಲಾಸು. ಹತ್ತೋದು ಮಾತ್ರ ಚೆನ್ನಾಗಿ ಗೊತ್ತು. ಮದುವೆಯಾದ ಹೊಸದರಲ್ಲಿ ಹರಕೆ ಹೊತ್ತು, ಮೈಸೂರಿನ ಚಾಮುಂಡಿ ಬೆಟ್ಟದ ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚಿದವಳು. ಬಗ್ಗಬೇಕು, ಹಚ್ಚಬೇಕು, ಏಳಬೇಕು, ಆಮೇಲೆ ಮುಂದಿನ ಮೆಟ್ಟಿಲು. ಅವಸರ ಮಾಡಿದವರು ನೂರು ಮೆಟ್ಟಿಲಿಗೇ ಸೊಂಟ ಹಿಡ್ಕೊಂಡು ಕೂರ್ತಿದ್ದರು. ಇಲ್ಲೂ ಅದನ್ನೇ ಹಿಡಿದೆ. ಒಂದು ಹೆಜ್ಜೆ ಇಡೋದು, ಕುಂಕುಮ ಹಚ್ಚೋವಷ್ಟು ಹೊತ್ತು ನಿಲ್ಲೋದು, ಮತ್ತೊಂದು ಹೆಜ್ಜೆ. ಬಗ್ಗೋದೊಂದು ಬಿಟ್ಟೆ.

ದಡದಡ ಅಂತ ಮುಂದೆ ಹೋಗಿದ್ದ ಮೊಮ್ಮಗಳು ಬಂಡೆ ಮೇಲೆ ಕೂತು ಉಸಿರು ಎಳೀತಿದ್ದಳು. ನಾನು ಅವಳನ್ನ ದಾಟಿದೆ.

"ಅಜ್ಜಿ, ವೇಟ್! ಹೌ ಆರ್ ಯು ಡೂಯಿಂಗ್ ದಿಸ್?"

"ಬಾಯಿ ಮುಚ್ಚಿ ನನ್ ಹಿಂದೆ ಬಾ."

ಬಂದಳು. ನನ್ನ ಹೆಜ್ಜೆ ಮೇಲೆ ಹೆಜ್ಜೆ ಇಟ್ಕೊಂಡೇ ಬಂದಳು. ಕೊನೆಯ ಏರು ತುಂಬಾ ಕಡಿದಾಗಿತ್ತು. ಕೋಲೂರಿ ನಿಂತೆ, ಕೂರಲಿಲ್ಲ.

ಮೇಲೆ ಮುಟ್ಟಿದಾಗ ಆ ಬಿಳಿ ಬೆಟ್ಟ ಎದುರಿಗೇ ಇತ್ತು. ಹೆಮ್ಮೆ ಆಯ್ತಾ ಅಂದರೆ ಆಯ್ತು, ಸುಳ್ಳು ಯಾಕೆ ಹೇಳಲಿ.

ಅರ್ಧ ಗಂಟೆಗೆ ಕುದುರೆ ಬಂತು. ಅಳಿಯಂದಿರು ಅದರ ಮೇಲೆ ಕೂತಿದ್ದರು.

"ಸ್ವಲ್ಪ ಮಂಡಿ ನೋವು, ಅತ್ತೆ."

"ಇರಲಿ, ಇಳೀರಿ. ಒಂದು ಫೋಟೋ ತೆಗೀರಿ. ನಾನು, ಆ ಬೆಟ್ಟ, ಇಬ್ಬರೇ. ಕುದುರೆ ಬಾಲವೂ ಕಾಣಬಾರದು."